65 ವರ್ಷ ಮರೆಯದ ಮೈ: ಫೆರೋ ದ್ವೀಪಗಳ ದಡಾರ, 1846

1846ರ ಮಾರ್ಚ್ 20ರಂದು ಕೋಪನ್‌ಹೇಗನ್‌ನಿಂದ ಒಬ್ಬ ಬಡಗಿ ಹಡಗು ಹತ್ತಿದ. ಹೊರಡುವ ಮುಂಚೆ ದಡಾರ ಬಂದು ಮಲಗಿದ್ದ ಕೆಲವರನ್ನು ಮಾತಾಡಿಸಿಕೊಂಡು ಬಂದಿದ್ದ. ದಾರಿಯುದ್ದಕ್ಕೂ ಆರಾಮಾಗಿಯೇ ಇದ್ದ. 28ಕ್ಕೆ ಫೆರೋ ದ್ವೀಪಗಳ ಮುಖ್ಯ ಊರಾದ ತೋರ್ಸ್‌ಹಾವ್ನ್‌ನಲ್ಲಿ ಇಳಿದ. ಏಪ್ರಿಲ್ ಆರಂಭದಲ್ಲಿ ಅವನಿಗೆ ದಡಾರ ಕಾಣಿಸಿಕೊಂಡಿತು. ಆಮೇಲೆ ಅವನ ಇಬ್ಬರು ಆಪ್ತ ಸ್ನೇಹಿತರಿಗೆ ಬಂತು. ಆಮೇಲೆ ಊರಿಗೆ ಊರೇ. ಆ ದ್ವೀಪಗಳಲ್ಲಿ ಆಗ ಇದ್ದದ್ದು 7,782 ಜನ. ಸುಮಾರು ಆರು ತಿಂಗಳಲ್ಲಿ ಅವರಲ್ಲಿ 6,000ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ನೂರಕ್ಕೂ ಹೆಚ್ಚು ಜನ ಸತ್ತರು.

ಈ ಪ್ರಕರಣವನ್ನು ಇವತ್ತಿಗೂ ಓದುವುದು ಸತ್ತವರ ಲೆಕ್ಕಕ್ಕಲ್ಲ. ಅಲ್ಲಿ ಒಂದು ವಿಚಿತ್ರ ನಡೆಯಿತು. ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ ದೋಣಿಗೆ ಹುಟ್ಟು ಹಾಕಿ ತಿಮಿಂಗಿಲ ಹಿಡಿಯುತ್ತಿದ್ದ ಗಟ್ಟಿಮುಟ್ಟಾದ ಗಂಡಸರು ಒಬ್ಬರ ಹಿಂದೆ ಒಬ್ಬರು ಮಲಗಿದರು. ಅದೇ ಮನೆಗಳಲ್ಲಿದ್ದ ಎಪ್ಪತ್ತು, ಎಂಬತ್ತು ದಾಟಿದ ಕೆಲವು ಅಜ್ಜ ಅಜ್ಜಿಯರಿಗೆ ಏನೂ ಆಗಲಿಲ್ಲ. ಅವರು ಅದೇ ಗಾಳಿ ಉಸಿರಾಡಿದರು, ಅದೇ ಊಟ ಮಾಡಿದರು.

ನಮ್ಮಲ್ಲಿ ಕೊರೊನಾ ಬಂದಾಗಿನಿಂದ 'ಇಮ್ಯುನಿಟಿ ಜಾಸ್ತಿ ಮಾಡುವ' ಪುಡಿ, ಕಷಾಯ, ಗುಳಿಗೆಗಳ ಜಾಹೀರಾತಿಗೆ ಕೊನೆಯೇ ಇಲ್ಲ. ಅದರ ಹಿಂದಿರುವ ನಂಬಿಕೆ ಸುಲಭದ್ದು: ಮೈ ಗಟ್ಟಿ ಇದ್ದರೆ ರೋಗ ಹತ್ತಿರ ಬರಲ್ಲ. ಫೆರೋದ ಆ ಅಜ್ಜ ಅಜ್ಜಿಯರನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಅವರನ್ನು ಕಾಪಾಡಿದ್ದು ಮೈಯ ಬಲ ಅಲ್ಲ, ಮೈಯ ನೆನಪು.

ಪಾನುಮ್ ಎಂಬ ಹುಡುಗ ಡಾಕ್ಟರ್

ಫೆರೋ ಆಗ ಡೆನ್ಮಾರ್ಕ್ ದೊರೆಯ ಆಳ್ವಿಕೆಯಲ್ಲಿತ್ತು, ಈಗಲೂ ಡೆನ್ಮಾರ್ಕಿನ ಭಾಗವೇ. ನಾರ್ವೆ, ಸ್ಕಾಟ್ಲೆಂಡ್, ಐಸ್‌ಲ್ಯಾಂಡ್‌ಗಳ ನಡುವಿನ ಸಮುದ್ರದಲ್ಲಿರುವ 18 ದ್ವೀಪಗಳು. ಅಲ್ಲಿನ ವ್ಯಾಪಾರವೆಲ್ಲ ಸರ್ಕಾರದ ಒಂದೇ ಕೈಯಲ್ಲಿತ್ತು. ಬೇರೆಯವರು ಹೋಗಿ ಕೊಡುಕೊಳ್ಳುವಂತಿರಲಿಲ್ಲ. ಈ ಕಟ್ಟು ಸಡಿಲವಾದದ್ದು 1856ರಲ್ಲಿ. ಹಾಗಾಗಿ ಹಡಗು ಬರುವುದೇ ಅಪರೂಪ, ಹಡಗಿನ ಜೊತೆ ಬರುವ ಕಾಯಿಲೆಗಳೂ ಅಪರೂಪ. ಅಲ್ಲಿಗೆ ಹಿಂದಿನ ಸಲ ದಡಾರ ಬಂದದ್ದು 1781ರಲ್ಲಿ. ಅಂದರೆ 65 ವರ್ಷ ಆ ಕಾಯಿಲೆಯ ಮುಖವನ್ನೇ ಅಲ್ಲಿನವರು ನೋಡಿರಲಿಲ್ಲ.

ಸುದ್ದಿ ಮುಟ್ಟಿದ ಮೇಲೆ ಡೆನ್ಮಾರ್ಕ್ ಸರ್ಕಾರ ಇಬ್ಬರು ಡಾಕ್ಟರುಗಳನ್ನು ಕಳಿಸಿತು. ಒಬ್ಬ ಆಗಸ್ಟ್ ಮಾನಿಕುಸ್. ಇನ್ನೊಬ್ಬ ಪೀಟರ್ ಲುಡ್ವಿಗ್ ಪಾನುಮ್. ಪಾನುಮ್‌ಗೆ ಆಗ 25 ವರ್ಷ, ಓದು ಮುಗಿಸಿ ಹೊರಬಿದ್ದಿದ್ದನಷ್ಟೆ. ಕಾಯಿಲೆ ವಾಸಿ ಮಾಡಲು ಅವನ ಚೀಲದಲ್ಲಿ ಏನೂ ಇರಲಿಲ್ಲ. ಇವತ್ತಿಗೂ ದಡಾರದ ವೈರಸ್ಸನ್ನು ನೇರವಾಗಿ ಕೊಲ್ಲುವ ಮಾತ್ರೆ ನಮ್ಮ ಹತ್ತಿರ ಇಲ್ಲ, ಆಗ ಎಲ್ಲಿಂದ ಬರಬೇಕು? ಆದರೆ ಅವನಿಗೆ ಒಂದು ಒಳ್ಳೆಯ ಚಾಳಿ ಇತ್ತು. ಹೋದ ಕಡೆಯೆಲ್ಲ ದಿನಾಂಕ ಕೇಳುತ್ತಿದ್ದ. ನಿಮಗೆ ದದ್ದು ಎದ್ದದ್ದು ಯಾವತ್ತು? ಅದಕ್ಕೂ ಮುಂಚೆ ಯಾವ ಊರಿಗೆ ಹೋಗಿದ್ದಿರಿ? ನಿಮ್ಮ ಮನೆಗೆ ಯಾರು ಬಂದಿದ್ದರು?

ಕೋಪನ್‌ಹೇಗನ್‌ನಂಥ ಪಟ್ಟಣದಲ್ಲಿ ಈ ಪ್ರಶ್ನೆಗಳಿಂದ ಏನೂ ಉಪಯೋಗ ಇರುತ್ತಿರಲಿಲ್ಲ. ದಿನಕ್ಕೆ ನೂರು ಜನ ಎದುರಾಗುತ್ತಾರೆ, ಯಾರಿಂದ ಹತ್ತಿತು ಅಂತ ಹೇಳುವುದು ಹೇಗೆ? ಫೆರೋದಲ್ಲಿ ಹಾಗಲ್ಲ. ಒಂದೊಂದು ಹಳ್ಳಿಯೂ ಕಡಿದಾದ ಗುಡ್ಡ, ಸಮುದ್ರದ ನಡುವೆ ಸಿಕ್ಕಿಕೊಂಡಿರುವಂಥದ್ದು. ಪಕ್ಕದ ಊರಿನಿಂದ ಒಂದು ದೋಣಿ ಬಂದರೆ ಅದೇ ಆ ವಾರದ ದೊಡ್ಡ ಸುದ್ದಿ. ಹಾಗಾಗಿ ಎಲ್ಲರಿಗೂ ದಿನಾಂಕ ನೆನಪಿರುತ್ತಿತ್ತು.

ತ್ಯೋರ್ನುವಿಕ್ ಎಂಬ ಹಳ್ಳಿಯ ಲೆಕ್ಕ ನೋಡಿ. ಜೂನ್ 4ರಂದು ಆ ಊರಿನ ಹತ್ತು ಗಂಡಸರು ಒಂದು ದೋಣಿಯಲ್ಲಿ ವೆಸ್ಟ್‌ಮನ್ನಾಕ್ಕೆ ತಿಮಿಂಗಿಲ ಹಿಡಿಯಲು ಹೋದರು. ಫೆರೋದಲ್ಲಿ ತಿಮಿಂಗಿಲದ ಹಿಂಡು ಕಂಡರೆ ಸುತ್ತಲಿನ ಊರಿನ ಗಂಡಸರೆಲ್ಲ ಸೇರಿ, ದೋಣಿಗಳಿಂದ ಅದನ್ನು ಕೊಲ್ಲಿಯೊಳಗೆ ಅಟ್ಟುತ್ತಾರೆ. ಆಮೇಲೆ ಮಾಂಸ ಹಂಚಿಕೊಳ್ಳುತ್ತಾರೆ. ಬೇರೆ ಬೇರೆ ಊರಿನ ಜನ ಒಟ್ಟಿಗೆ ಸೇರುವ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು. ಅಲ್ಲಿ ಆಗಲೇ ದಡಾರ ಇತ್ತು. ಹತ್ತೂ ಜನ ಊರಿಗೆ ವಾಪಸ್ ಬಂದರು. ಯಾರಿಗೂ ಏನೂ ಆಗಲಿಲ್ಲ. ಒಂದು ವಾರ ಕಳೆಯಿತು, ಆಗಲೂ ಏನೂ ಇಲ್ಲ. ಎರಡನೇ ವಾರದ ಕೊನೆಗೆ ಮೈ ಬಿಸಿಯಾಯಿತು, ಮೂಗು ಸೋರಿತು, ಕಣ್ಣು ಕೆಂಪಾಯಿತು. ಜೂನ್ 18ಕ್ಕೆ ಹತ್ತೂ ಜನರ ಮೈಮೇಲೆ ದದ್ದು ಎದ್ದಿತು. ಹದಿನಾಲ್ಕು ದಿನ. ಅದಾಗಿ ಮತ್ತೆ ಹೆಚ್ಚುಕಡಿಮೆ ಹದಿನಾಲ್ಕು ದಿನಕ್ಕೆ ಅವರ ಮನೆಯವರು, ಅಕ್ಕಪಕ್ಕದವರು ಗುಂಪುಗುಂಪಾಗಿ ಮಲಗಿದರು.

ಹಳ್ಳಿ ಹಳ್ಳಿಯಲ್ಲೂ ಪಾನುಮ್‌ಗೆ ಇದೇ ಲೆಕ್ಕ ಸಿಕ್ಕಿತು. ಕಾಯಿಲೆ ಕೆಟ್ಟ ಗಾಳಿಯಿಂದ, ನೆಲದ ಹಬೆಯಿಂದ ಹುಟ್ಟುತ್ತದೆ ಎಂದು ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದ ಕಾಲ ಅದು. ದಡಾರ ಮನುಷ್ಯನಿಂದ ಮನುಷ್ಯನಿಗೆ ಮಾತ್ರ ದಾಟುತ್ತದೆ, ದಾಟಿ ಹದಿನಾಲ್ಕು ದಿನಕ್ಕೆ ದದ್ದು ಏಳುತ್ತದೆ ಎಂದು ಪಾನುಮ್ ಬರೆದ. 1847ರಲ್ಲಿ ವರದಿ ಅಚ್ಚಾಯಿತು. ಹೊರಗಿನವರನ್ನು ಒಳಗೆ ಬಿಡದೆ ಬಾಗಿಲು ಹಾಕಿಕೊಂಡ ಹಳ್ಳಿಗಳು ಬಚಾವಾದದ್ದೂ ಅವನ ಮಾತಿಗೆ ಪುರಾವೆ ಆಯಿತು.

ಆ ಹದಿನಾಲ್ಕು ದಿನ ಮೈಯೊಳಗೆ ಏನಾಯಿತು

ಪಾನುಮ್‌ಗೆ ಗೊತ್ತಾಗಲು ಸಾಧ್ಯವೇ ಇರದಿದ್ದ ಭಾಗ ಇದು. ವೈರಸ್ ಎಂಬುದೊಂದು ಇದೆ ಎಂದೇ ಆಗ ಯಾರಿಗೂ ತಿಳಿದಿರಲಿಲ್ಲ. ಆ ಹತ್ತು ಜನರಲ್ಲಿ ಒಬ್ಬನನ್ನು ಹಿಡಿದುಕೊಂಡು ನೋಡೋಣ.

ಜೂನ್ 4. ಪಕ್ಕದ ದೋಣಿಯಲ್ಲಿ ಯಾರೋ ಕೆಮ್ಮಿದ. ಆ ಹನಿಯಲ್ಲಿದ್ದ ವೈರಸ್ ನಮ್ಮವನ ಮೂಗಿಗೆ ಹೋಯಿತು. ಸಾಮಾನ್ಯವಾಗಿ ಮೈಯ ಮೊದಲ ತಡೆ ಚರ್ಮ. ಉಸಿರಿನ ಜೊತೆ ಬಂದದ್ದಕ್ಕೆ ಚರ್ಮ ಅಡ್ಡ ಬರುವುದಿಲ್ಲ. ಅಲ್ಲಿರುವುದು ಅಂಟು ಲೋಳೆ. ಅದಕ್ಕೆ ಸಿಕ್ಕಿಕೊಂಡ ಕಸವನ್ನು ಸಣ್ಣ ಸಣ್ಣ ರೋಮಗಳು ಗಂಟಲಿನ ಕಡೆಗೆ ತಳ್ಳುತ್ತಾ ಇರುತ್ತವೆ. ನಾವು ನುಂಗುತ್ತೇವೆ, ಹೊಟ್ಟೆಯ ಆಮ್ಲದಲ್ಲಿ ಎಲ್ಲ ಸುಟ್ಟು ಹೋಗುತ್ತದೆ. ದಿನವಿಡೀ ಈ ಕೆಲಸ ನಡೆಯುತ್ತದೆ, ನಮಗೆ ಗೊತ್ತೇ ಆಗಲ್ಲ.

ಲೋಳೆ ದಾಟಿ ಒಳಗೆ ಹೋದದ್ದನ್ನು ಶ್ವಾಸಕೋಶದಲ್ಲಿರುವ ಭಕ್ಷಕ ಕೋಶಗಳು ನುಂಗಿ ಹಾಕುತ್ತವೆ. ಕಾಲಿಗೆ ಮುಳ್ಳು ಚುಚ್ಚಿದ ಜಾಗ ಒಂದೆರಡು ದಿನಕ್ಕೆ ಕೆಂಪಾಗಿ, ಬಿಸಿಯಾಗಿ, ಕೀವು ತುಂಬುತ್ತದಲ್ವಾ? ಆ ಕೀವಿನಲ್ಲಿ ಇರುವುದು ಹೀಗೆ ನುಂಗಿ ಸತ್ತ ಬಿಳಿ ರಕ್ತಕಣಗಳೇ. ಇವಕ್ಕೆ ಇಂಥದ್ದೇ ರೋಗಾಣು ಅಂತ ಗುರುತು ಬೇಕಿಲ್ಲ, ಪರಕೀಯ ಅನ್ನಿಸಿದರೆ ಸಾಕು. ಹುಟ್ಟುವಾಗಲೇ ಬಂದ ರಕ್ಷಣೆ ಇದು, ಇದಕ್ಕೆ ಪಾಠ ಕಲಿಸಬೇಕಾಗಿಲ್ಲ.

ದಡಾರದ ವೈರಸ್ ಇಲ್ಲೇ ಆಟ ಕಟ್ಟುತ್ತದೆ. ತನ್ನನ್ನು ನುಂಗಲು ಬಂದ ಕೋಶದೊಳಗೇ ಅದು ಮನೆ ಮಾಡುತ್ತದೆ. ವೈರಸ್ ಹೊಕ್ಕ ಕೋಶ ಸಾಮಾನ್ಯವಾಗಿ ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಗೆ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ಇದನ್ನು ಕಂಡುಹಿಡಿದರು. ದಡಾರದ ವೈರಸ್ಸಿನ ಹತ್ತಿರ ಈ ಎಚ್ಚರಿಕೆಯನ್ನೇ ಅಡಗಿಸುವ ಪ್ರೊಟೀನುಗಳಿವೆ. ನಮ್ಮ ಮೀನುಗಾರ ಮೊದಲ ವಾರ ಆರಾಮಾಗಿ ಓಡಾಡಿಕೊಂಡಿದ್ದಕ್ಕೆ ಕಾರಣ ಇದು. ಮೈ ಗಟ್ಟಿ ಇದ್ದದ್ದಕ್ಕಲ್ಲ, ಮೈಗೆ ಸುದ್ದಿಯೇ ಮುಟ್ಟಿರಲಿಲ್ಲ.

ವೈರಸ್ ಹೊತ್ತ ಆ ಕೋಶಗಳು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತವೆ. ಕತ್ತಿನಲ್ಲಿ, ಕಂಕುಳಲ್ಲಿ, ತೊಡೆಸಂದಿನಲ್ಲಿ ಜ್ವರ ಬಂದಾಗ ಊದಿಕೊಂಡು ಕೈಗೆ ಸಿಗುವ ಗಂಟುಗಳೇ ಇವು. ಮೈಯಲ್ಲಿ ಇಂಥವು 500-600 ಇವೆ. ವೈರಸ್ಸಿಗೆ ಇದು ಹಬ್ಬದೂಟ. ಅಲ್ಲಿ ತುಂಬಿರುವ ಟಿ ಕೋಶ, ಬಿ ಕೋಶ ಎಂಬ ಬಿಳಿ ರಕ್ತಕಣಗಳನ್ನೇ ಅದು ಹೊಕ್ಕುತ್ತದೆ. ಆದರೆ ಅದು ಸಿಕ್ಕಿಬೀಳುವುದೂ ಅಲ್ಲೇ.

ಟಿ, ಬಿ ಕೋಶಗಳ ವಿಶೇಷ ಏನೆಂದರೆ, ಒಂದೊಂದಕ್ಕೂ ಒಂದೊಂದೇ ಆಕಾರವನ್ನು ಹಿಡಿಯುವ ಕೊಂಡಿ ಇರುತ್ತದೆ. ಕೋಟಿಗಟ್ಟಲೆ ಬೇರೆ ಬೇರೆ ಕೊಂಡಿಗಳು, ಯಾವ ರೋಗವನ್ನೂ ನೋಡುವ ಮುಂಚೆಯೇ, ಸುಮ್ನೆ ಅದೃಷ್ಟಕ್ಕೆ ಬಿಟ್ಟು ಮಾಡಿಟ್ಟಂತವು. ದಡಾರದ ಒಂದು ತುಣುಕಿಗೆ ಹೊಂದುವ ಟಿ ಕೋಶ ಲಕ್ಷಕ್ಕೆ ಒಂದೋ, ಹತ್ತು ಲಕ್ಷಕ್ಕೆ ಒಂದೋ ಇರುತ್ತದೆ. ಆ ಒಂದು ಈ ತುಣುಕನ್ನು ಭೇಟಿಯಾಗುವುದು ಹೇಗೆ? ಜಾತ್ರೆಯಲ್ಲಿ ಮಗು ಕಳೆದುಹೋದರೆ ಅಪ್ಪ ಅಮ್ಮ ಇಡೀ ಜಾತ್ರೆ ಸುತ್ತುವುದಿಲ್ಲ, ಮೈಕ್ ಇಟ್ಟಿರುವ ಚಪ್ಪರಕ್ಕೆ ಬರುತ್ತಾರೆ. ಮಗುವನ್ನು ಕಂಡವರೂ ಅಲ್ಲಿಗೇ ಕರೆತರುತ್ತಾರೆ. ದುಗ್ಧಗ್ರಂಥಿ ಆ ಚಪ್ಪರ. ಟಿ ಕೋಶಗಳು ಒಂದು ಗ್ರಂಥಿಯಿಂದ ಇನ್ನೊಂದಕ್ಕೆ ಹೋಗಿ ನೋಡುತ್ತಲೇ ಇರುತ್ತವೆ. ರೋಗಾಣುವಿನ ತುಣುಕನ್ನು ಹಿಡಿದ ಕೋಶಗಳೂ ಅಲ್ಲಿಗೇ ಬಂದು ನಿಲ್ಲುತ್ತವೆ.

ಹೊಂದುವ ಕೋಶ ಸಿಕ್ಕಿತು ಅಂದುಕೊಳ್ಳಿ. ಅದು ಒಂದಿದ್ದದ್ದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಭರದಲ್ಲಿರುವಾಗ ದಿನಕ್ಕೆ ಎರಡು ಮೂರು ಸಲ ಒಡೆಯುತ್ತದೆ. ಆದರೂ ಕೆಲಸಕ್ಕೆ ಬರುವಷ್ಟು ಸಂಖ್ಯೆ ಆಗಲು ಒಂದು ವಾರದ ಮೇಲೇ ಬೇಕು. ಈ ಮಧ್ಯೆ ವೈರಸ್ ರಕ್ತಕ್ಕೆ ಇಳಿದು ಮೈಯೆಲ್ಲ ಹರಡಿರುತ್ತದೆ. ಹತ್ತನೇ ದಿನದ ಸುಮಾರಿಗೆ ಜ್ವರ ಶುರು. ಕೆಮ್ಮು, ನೆಗಡಿ, ಕೆಂಗಣ್ಣು. ಬಾಯೊಳಗೆ ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆಗಳು. ಕೆಮ್ಮಿದಾಗಲೆಲ್ಲ ವೈರಸ್ ಹೊರಗೆ ಬರುತ್ತಿದೆ, ಆದರೆ ನೋಡುವವರಿಗೆ ಇದು ಬರೀ ನೆಗಡಿ. ದಡಾರ ಇಷ್ಟು ವೇಗವಾಗಿ ಹರಡುವುದರ ಗುಟ್ಟು ಇಲ್ಲಿದೆ. ರಕ್ಷಣೆ ಇಲ್ಲದ ಹತ್ತು ಜನ ರೋಗಿಯ ಹತ್ತಿರ ಇದ್ದರೆ ಒಂಬತ್ತು ಜನಕ್ಕೆ ಹತ್ತುತ್ತದೆ.

ಹದಿನಾಲ್ಕನೇ ದಿನ ದದ್ದು. ನೋಡಿದವರಿಗೆ ರೋಗ ಏರಿತು ಅನ್ನಿಸುತ್ತದೆ. ನನಗೆ ಈ ಇಡೀ ಕತೆಯಲ್ಲಿ ಬಹಳ ಇಷ್ಟವಾಗುವುದು ಈ ಭಾಗ, ಯಾಕೆಂದರೆ ನಿಜ ಪೂರ್ತಿ ಉಲ್ಟಾ. ಚರ್ಮದಲ್ಲಿ ವೈರಸ್ ಹೊಕ್ಕ ಕೋಶಗಳನ್ನು ಟಿ ಕೋಶಗಳು ಹುಡುಕಿ ಹುಡುಕಿ ಕೊಲ್ಲುತ್ತಿರುವುದೇ ಆ ಕೆಂಪು. ಮೈ ಕಡೆಗೂ ಎದ್ದು ನಿಂತಿದೆ ಎಂಬುದರ ಗುರುತು ಅದು.

ಇದು ಗೊತ್ತಾದದ್ದು ದದ್ದು ಏಳದ ಮಕ್ಕಳಿಂದ. 1959ರಲ್ಲಿ ಅಮೆರಿಕದ ಜಾನ್ ಎಂಡರ್ಸ್ ಮತ್ತು ಜೊತೆಗಾರರು ಒಂದು ಬಗೆಯ ವಿಚಿತ್ರ ನ್ಯುಮೋನಿಯಾದಿಂದ ಸತ್ತ ಮಕ್ಕಳ ಶ್ವಾಸಕೋಶದಲ್ಲಿ ದಡಾರದ ವೈರಸ್ಸನ್ನು ಕಂಡರು. ಆ ಮಕ್ಕಳಿಗೆ ಮೈಮೇಲೆ ಒಂದು ಕೆಂಪು ಚುಕ್ಕೆಯೂ ಎದ್ದಿರಲಿಲ್ಲ. ರಕ್ಷಣಾ ವ್ಯವಸ್ಥೆ ಕುಸಿದ ಮಕ್ಕಳಲ್ಲಿ ದದ್ದಿಲ್ಲ, ಆದರೆ ಸಾವಿದೆ. ಇದಕ್ಕೆ ಜೋಡಿಯಾಗಿ ಇನ್ನೊಂದು ಗುಂಪಿನ ಮಕ್ಕಳಿದ್ದರು. 1952ರಲ್ಲಿ ಆಗ್ಡನ್ ಬ್ರೂಟನ್ ಎಂಬ ಡಾಕ್ಟರ್, ರಕ್ತದಲ್ಲಿ ಪ್ರತಿಕಾಯಗಳೇ (ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೊಟೀನುಗಳು, ಆಂಟಿಬಾಡಿ) ತಯಾರಾಗದ ಹುಡುಗನೊಬ್ಬನ ಬಗ್ಗೆ ಬರೆದರು. ಇಂಥ ಮಕ್ಕಳಿಗೆ ಬ್ಯಾಕ್ಟೀರಿಯಾದಿಂದ ಮತ್ತೆ ಮತ್ತೆ ಕಾಯಿಲೆ ಬರುತ್ತದೆ. ಆದರೆ ದಡಾರ ಬಂದರೆ ಎಲ್ಲರ ಹಾಗೇ ದದ್ದು ಎದ್ದು, ಎಲ್ಲರ ಹಾಗೇ ವಾಸಿಯಾಗುತ್ತದೆ. ಅವರ ಟಿ ಕೋಶಗಳು ಸರಿ ಇವೆಯಲ್ಲ! ಅಂದರೆ ಒಳಗೆ ಬಂದು ಕೋಶಗಳಲ್ಲಿ ಸೇರಿಕೊಂಡ ವೈರಸ್ಸನ್ನು ಕಿತ್ತು ಹಾಕುವುದು ಮುಖ್ಯವಾಗಿ ಟಿ ಕೋಶದ ಕೆಲಸ. ಪ್ರತಿಕಾಯದ ಪಾಲು ಬೇರೆ: ಮುಂದಿನ ಸಲ ವೈರಸ್ ಒಳಗೇ ಕಾಲಿಡದ ಹಾಗೆ ನೋಡಿಕೊಳ್ಳುವುದು.

98 ಹಿರಿಯರು

ಈಗ ಆ ಅಜ್ಜ ಅಜ್ಜಿಯರ ವಿಷಯ.

1781ರಲ್ಲಿ ಚಿಕ್ಕ ವಯಸ್ಸಿನಲ್ಲಿ ದಡಾರ ಬಂದಿದ್ದ ಹಿರಿಯರು ದ್ವೀಪಗಳಲ್ಲಿ ಇನ್ನೂ ಇದ್ದರು. ಪಾನುಮ್ ತಾನೇ ಹೋಗಿ ಅಂಥ 98 ಜನರನ್ನು ನೋಡಿದ. ಒಬ್ಬರಿಗೂ ಎರಡನೇ ಸಲ ಬಂದಿರಲಿಲ್ಲ. ಹುಡುಕಿ ಹುಡುಕಿ ವಿಚಾರಿಸಿದರೂ ಅಂಥ ಒಂದು ಉದಾಹರಣೆ ಸಿಗಲಿಲ್ಲ ಎಂದು ಬರೆದಿದ್ದಾನೆ. ಇದಕ್ಕಿಂತ ಜಾಣತನದ್ದು ಅವನ ಮುಂದಿನ ಮಾತು. 1781ರಲ್ಲಿ ಹೇಗೋ ದಡಾರದಿಂದ ತಪ್ಪಿಸಿಕೊಂಡಿದ್ದ ಹಿರಿಯರೂ ಕೆಲವರಿದ್ದರು. ಅವರು ರೋಗಿಗಳ ಹತ್ತಿರ ಬಂದಾಗ ಅವರಿಗೆ 1846ರಲ್ಲಿ ದಡಾರ ಬಂತು.

ಇವತ್ತು ಔಷಧ ಪರೀಕ್ಷೆ ಮಾಡುವವರು ಎರಡು ಗುಂಪು ಮಾಡಲು ಎಷ್ಟು ಕಷ್ಟಪಡುತ್ತಾರೆ ಅಂತ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ. ಅದೇ ವಯಸ್ಸು, ಅದೇ ಊರು. ಗಾಳಿಗೆ ಒಣಗಿಸಿದ ಅದೇ ಕುರಿಮಾಂಸದ ಊಟ, ಹೊಗೆ ತುಂಬಿದ ಅದೇ ಮನೆ. ವ್ಯತ್ಯಾಸ ಒಂದೇ, 65 ವರ್ಷದ ಹಿಂದೆ ಎರಡು ವಾರ ಕಾಯಿಲೆ ಮಲಗಿದ್ದರೋ ಇಲ್ಲವೋ ಎಂಬುದು.

ಒಂದು ಆಕ್ಷೇಪ ಎತ್ತಬಹುದು. 65 ವರ್ಷದ ಹಿಂದೆ ಬಂದದ್ದು ದಡಾರವೇ ಎಂದು ಹಿರಿಯರು ಹೇಳಿದ್ದನ್ನು ನಂಬಬೇಕು, ಬೇರೆ ದಾಖಲೆ ಇಲ್ಲ. ಸರಿ. ಆದರೆ ಊರಿಗೆ ಊರೇ ಒಟ್ಟಿಗೆ ಮಲಗಿದ ವರ್ಷವನ್ನು ಜನ ಅಷ್ಟು ಸುಲಭವಾಗಿ ಮರೆಯಲ್ಲ. ಜೊತೆಗೆ, ತಪ್ಪು ನೆನಪಿದ್ದವರು ಅವರಲ್ಲಿ ಬಹಳ ಇದ್ದಿದ್ದರೆ 98ರಲ್ಲಿ ಹಲವರಿಗಾದರೂ ದದ್ದು ಏಳಬೇಕಿತ್ತು.

ನಮ್ಮ ಹಳ್ಳಿಗಳಲ್ಲೂ ಈ ತಿಳಿವಳಿಕೆ ಇತ್ತು ಅನ್ನಿ. ಮನೆಯಲ್ಲಿ ಅಮ್ಮ ಬಂದಿದೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ, ಒಮ್ಮೆ ಬಂದು ಹೋದವರು ಹೆದರದೆ ಹತ್ತಿರ ಕೂರುತ್ತಿದ್ದರು. ಫೆರೋದಿಂದ ಹೊಸದಾಗಿ ಗೊತ್ತಾದದ್ದು ಬೇರೆ. ದೊಡ್ಡ ಊರಿನಲ್ಲಿ ದಡಾರ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಲೇ ಇರುತ್ತದೆ. ಹಳೆಯ ರೋಗಿಗಳ ಮೈಗೆ ಆಗಾಗ ನೆನಪು ಮಾಡಿಕೊಡುತ್ತದೆ, ಅದಕ್ಕೇ ಮತ್ತೆ ಬರಲ್ಲ ಅಂತ ವಾದಿಸಬಹುದು. ಫೆರೋದಲ್ಲಿ ಆ ವಾದ ನಡೆಯಲ್ಲ. ಮಧ್ಯದ 65 ವರ್ಷ ವೈರಸ್ ಅಲ್ಲಿ ಇರಲೇ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಒಮ್ಮೆ ಎಲ್ಲರಿಗೂ ಬಂದು ಹೋದ ಮೇಲೆ ಅದಕ್ಕೆ ಹೊಸ ಮೈ ಬೇಕು. ಎಡೆಬಿಡದೆ ಹೊಸ ಕೂಸುಗಳು ಹುಟ್ಟುತ್ತಿದ್ದರೆ ಮಾತ್ರ ದಡಾರ ಒಂದು ಕಡೆ ನೆಲೆ ನಿಲ್ಲುತ್ತದೆ. ಅದಕ್ಕೆ ಎರಡೂವರೆ ಲಕ್ಷದಿಂದ ಐದು ಲಕ್ಷದಷ್ಟು ಜನಸಂಖ್ಯೆ ಬೇಕು ಎಂದು ಆಮೇಲಿನವರು ಲೆಕ್ಕ ಹಾಕಿದ್ದಾರೆ. ಏಳೆಂಟು ಸಾವಿರ ಜನ ಎಲ್ಲಿ ಸಾಲುತ್ತಾರೆ?

ಹಾಗಾದರೆ ನೆನಪು ಇದ್ದದ್ದು ಎಲ್ಲಿ? ಕಾಯಿಲೆ ವಾಸಿಯಾದ ಮೇಲೆ ಕೋಟಿಗಟ್ಟಲೆಯಾಗಿದ್ದ ಟಿ, ಬಿ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ಒಂದಿಷ್ಟು ಉಳಿದುಕೊಳ್ಳುತ್ತವೆ. ಮುಂದಿನ ಸಲ ಲಕ್ಷಕ್ಕೆ ಒಂದನ್ನು ಹುಡುಕುವ ಪಾಡಿಲ್ಲ, ಕೆಲಸ ಕಲಿತವೇ ಬೇಕಾದಷ್ಟು ಸಿದ್ಧ ಇರುತ್ತವೆ. ಇದರ ಜೊತೆಗೆ ಬಿ ಕೋಶಗಳಿಂದ ಹುಟ್ಟಿದ ಕೆಲವು ಕೋಶಗಳು ಮೂಳೆಯ ಮಜ್ಜೆಗೆ ಹೋಗಿ ಅಲ್ಲೇ ತಳವೂರಿ, ಪ್ರತಿಕಾಯಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತಾ ಇರುತ್ತವೆ. ಒಂದು ಪ್ರತಿಕಾಯದ ಆಯಸ್ಸು ಹೆಚ್ಚಲ್ಲ, ಸುಮಾರು ಮೂರು ವಾರಕ್ಕೆ ಅರ್ಧ ಕರಗಿರುತ್ತದೆ. ದಶಕಗಳ ಮೇಲೂ ಅವು ರಕ್ತದಲ್ಲಿ ಇವೆ ಎಂದರೆ ಯಾರೋ ನಿಲ್ಲಿಸದೆ ತಯಾರಿಸುತ್ತಿದ್ದಾರೆ ಅಂತಲೇ ಅರ್ಥ. 2007ರಲ್ಲಿ ಅಮೆರಿಕದ ಆರೆಗನ್‌ನ ಸಂಶೋಧಕರು 45 ಜನರ ರಕ್ತವನ್ನು 26 ವರ್ಷಗಳವರೆಗಿನ ಅವಧಿಯಲ್ಲಿ ಅಳೆದ ಲೆಕ್ಕ ಪ್ರಕಟಿಸಿದರು. ದಡಾರದ ಪ್ರತಿಕಾಯ ಕರಗುವ ವೇಗ ಎಷ್ಟು ನಿಧಾನ ಇತ್ತೆಂದರೆ, ಅದೇ ಲೆಕ್ಕದಲ್ಲಿ ಅರ್ಧವಾಗಲು 3,000 ವರ್ಷಕ್ಕೂ ಜಾಸ್ತಿ ಬೇಕು! ಅಷ್ಟು ವರ್ಷ ಬದುಕುವವರು ಯಾರು ಅಂತ ನಗಬೇಡಿ. ಮನುಷ್ಯನ ಜೀವಮಾನದಲ್ಲಿ ಅದು ಕರಗುವುದೇ ಇಲ್ಲ ಅಂತ ಅದರ ಅರ್ಥ. ಫೆರೋದ 98 ಜನರನ್ನು ಕಾದದ್ದು ಬಹುಶಃ ಇದೇ.

ಎಲ್ಲ ರೋಗಕ್ಕೂ ಮೈ ಹೀಗೇ ನೆನಪಿಡುತ್ತದೆ ಅಂದುಕೊಂಡರೆ ಕೆಡುತ್ತೇವೆ. ದಡಾರದ ವೈರಸ್ಸಿನ ಹೊರಮೈ ಬದಲಾಗುವುದಿಲ್ಲ, ಬದಲಾದರೆ ಅದಕ್ಕೆ ನಮ್ಮ ಕೋಶದೊಳಗೆ ಹೋಗಲು ಆಗಲ್ಲ. ಫ್ಲೂ ವೈರಸ್ ಹಾಗಲ್ಲ, ವರ್ಷ ವರ್ಷ ವೇಷ ಬದಲಿಸುತ್ತದೆ. ನೆಗಡಿ ತರುವ ವೈರಸ್‌ಗಳು ನೂರಕ್ಕೂ ಹೆಚ್ಚು ಬಗೆ. ಡೆಂಗಿಯಲ್ಲಿ ನಾಲ್ಕು ಬಗೆ ಇವೆ. ಒಂದರ ನೆನಪು ಇನ್ನೊಂದಕ್ಕೆ ಅರ್ಧಂಬರ್ಧ ಹೊಂದಿ, ಎರಡನೇ ಸಲದ ಕಾಯಿಲೆ ಇನ್ನೂ ಜೋರಾಗಬಹುದು. ಧನುರ್ವಾಯುವಿನಲ್ಲಂತೂ ಕೊಲ್ಲುವ ವಿಷದ ಪ್ರಮಾಣ ಎಷ್ಟು ಕಡಿಮೆಯೆಂದರೆ, ಬದುಕಿ ಎದ್ದವರ ಮೈಯೂ ಅದನ್ನು ಕಲಿತಿರುವುದಿಲ್ಲ. ಅವರಿಗೂ ಲಸಿಕೆ ಹಾಕಲೇಬೇಕು.

ಸತ್ತವರು ಯಾರು

ಹೆಚ್ಚು ಸತ್ತದ್ದು ಎರಡು ತುದಿಯವರು: ವರ್ಷ ತುಂಬದ ಕೂಸುಗಳು ಮತ್ತು ಮೊದಲ ಸಲ ದಡಾರಕ್ಕೆ ಸಿಕ್ಕ ವಯಸ್ಸಾದವರು.

ಕೂಸುಗಳ ವಿಷಯದಲ್ಲಿ ಫೆರೋದ್ದು ಬೇರೆಯೇ ಸಂಕಟ. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿನ ರಕ್ತಕ್ಕೆ ಸೇರುತ್ತವೆ. ಹುಟ್ಟಿದ ಮೇಲೆ ಮೊದಲ ಕೆಲವು ತಿಂಗಳು ಆ ಬುತ್ತಿಯೇ ಮಗುವನ್ನು ಕಾಯುತ್ತದೆ. ಆದರೆ ತಾಯಿಗೇ ದಡಾರ ಬಂದಿರದಿದ್ದರೆ ಕೊಡಲು ಅವಳ ಹತ್ತಿರ ಏನಿರುತ್ತದೆ? 1846ರಲ್ಲಿ ಹೆರುವ ವಯಸ್ಸಿನಲ್ಲಿದ್ದವರೆಲ್ಲ 1781ರ ಎಷ್ಟೋ ಆಮೇಲೆ ಹುಟ್ಟಿದವರು. ತಾಯಿ, ಮಗು ಇಬ್ಬರೂ ಒಟ್ಟಿಗೆ ಮಲಗಿದ ಮನೆಗಳಲ್ಲಿ ಹಾಲೂಡಿಸುವವರು, ನೀರು ಕಾಯಿಸಿ ಕೊಡುವವರು ಯಾರು ಎಂಬುದೂ ಒಂದು ಪ್ರಶ್ನೆ. ಸಾವಿನ ಲೆಕ್ಕದಲ್ಲಿ ಇಂಥವು ಕಾಣುವುದಿಲ್ಲ.

ವಯಸ್ಸಾದವರಿಗೆ ಕಷ್ಟವಾದದ್ದಕ್ಕೆ ಕಾರಣ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ. ಟಿ ಕೋಶಗಳು ಪಳಗುವುದು ಅಲ್ಲಿ. ಹರೆಯ ದಾಟಿದ ಮೇಲೆ ಅದು ಕುಗ್ಗುತ್ತಾ ಹೋಗುತ್ತದೆ, ಹೊಸ ಕೋಶಗಳ ಹುಟ್ಟು ಇಳಿಯುತ್ತದೆ. ಮುಪ್ಪಿನಲ್ಲಿ ಮೈ ಹೊಸ ಪಾಠ ಕಲಿಯಲು ತಡವರಿಸುತ್ತದೆ. ಹಳೆಯದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಎಂಬತ್ತರ ಇಬ್ಬರು ಅಜ್ಜಂದಿರಲ್ಲಿ ಒಬ್ಬರು ಓಡಾಡಿಕೊಂಡಿದ್ದು, ಇನ್ನೊಬ್ಬರು ಪ್ರಾಣಕ್ಕೆ ಹೋರಾಡಿದ್ದು ಹೀಗೆ.

ಇನ್ನೊಂದು ವಿಷಯ ಪಾನುಮ್ ಕಾಲಕ್ಕೆ ಯಾರಿಗೂ ಹೊಳೆಯುವಂಥದ್ದಲ್ಲ. ದಡಾರದಲ್ಲಿ ಸಾಯುವವರು ಬಹಳ ಸಲ ದಡಾರದಿಂದಲೇ ಸಾಯುವುದಿಲ್ಲ, ಅದರ ಬೆನ್ನಿಗೆ ಬರುವ ನ್ಯುಮೋನಿಯಾ, ಭೇದಿಯಿಂದ ಸಾಯುತ್ತಾರೆ. 1908ರಲ್ಲಿ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬ ಡಾಕ್ಟರ್ ಒಂದು ವಿಚಿತ್ರ ಗಮನಿಸಿದರು. ಕ್ಷಯದ ಚರ್ಮ ಪರೀಕ್ಷೆಯಲ್ಲಿ ಊತ ಬರುತ್ತಿದ್ದ ಮಕ್ಕಳಿಗೆ, ದಡಾರ ಬಂದ ಕೂಡಲೇ ಊತ ಬರುವುದು ನಿಂತುಹೋಗುತ್ತಿತ್ತು. ಅವರ ಮೈ ಕ್ಷಯವನ್ನು ಗುರುತು ಹಿಡಿಯುವುದನ್ನೇ ಬಿಟ್ಟಿತ್ತು. ದುಗ್ಧಗ್ರಂಥಿಯಲ್ಲಿ ವೈರಸ್ ಹೊಕ್ಕುವುದು ಟಿ, ಬಿ ಕೋಶಗಳಿಗೆ ಎಂದೆನಲ್ಲ, ಅದರಲ್ಲೂ ಹಳೆಯ ರೋಗಗಳ ನೆನಪು ಹೊತ್ತವೇ ಅದಕ್ಕೆ ಹೆಚ್ಚು ಸಿಗುತ್ತವೆ. ಕಾಯಿಲೆ ಇಳಿದ ಮೇಲೆ ಬಿಳಿ ಕಣಗಳ ಎಣಿಕೆ ಬೇಗ ಸರಿಹೋಗುತ್ತದೆ. ಆದರೆ ಹೊಸದಾಗಿ ತುಂಬಿಕೊಂಡವುಗಳಲ್ಲಿ ಬಹಳಷ್ಟಕ್ಕೆ ಗೊತ್ತಿರುವುದು ದಡಾರ ಒಂದೇ. 2019ರಲ್ಲಿ ನೆದರ್‌ಲ್ಯಾಂಡ್ಸ್‌ನ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರ ಬರುವ ಮುಂಚೆ ಮತ್ತು ಬಂದ ಮೇಲೆ ಹೋಲಿಸಿ ನೋಡಿದರು. ಬೇರೆ ಬೇರೆ ರೋಗಾಣುಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ ಮಗುವಿನಿಂದ ಮಗುವಿಗೆ 11ರಿಂದ 73 ಶೇಕಡಾದಷ್ಟು ಅಳಿಸಿಹೋಗಿದ್ದವು. ತನ್ನನ್ನು ಜನ್ಮದಲ್ಲಿ ಮರೆಯದ ಹಾಗೆ ಮಾಡುವ ರೋಗವೇ ಉಳಿದದ್ದನ್ನೆಲ್ಲ ಮರೆಸುತ್ತದೆ! 'ದಡಾರ ಒಂದ್ಸಲ ಬಂದು ಹೋದರೆ ಒಳ್ಳೇದು, ಮೈ ಗಟ್ಟಿಯಾಗುತ್ತದೆ' ಅನ್ನುವವರಿಗೆ ಇದನ್ನು ಹೇಳಬೇಕು.

ಹಾಗಂತ ಊಟ, ಪೋಷಣೆ ಲೆಕ್ಕಕ್ಕಿಲ್ಲ ಎಂದಲ್ಲ. ಅರೆಹೊಟ್ಟೆಯ ಮಕ್ಕಳು ದಡಾರದಲ್ಲಿ ಹೆಚ್ಚು ಸಾಯುತ್ತಾರೆ. ದಡಾರ ಬಂದ ಮಕ್ಕಳಿಗೆ ಎರಡು ದಿನ ವಿಟಮಿನ್ ಎ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅದಕ್ಕೇ. ಆದರೆ ಅದು ಬಂದ ಕಾಯಿಲೆಯನ್ನು ತಾಳಿಕೊಳ್ಳುವ ವಿಷಯ. ಬರದ ಹಾಗೆ ತಡೆಯುವುದು ಪೂರ್ತಿ ಬೇರೆ.

ತಾಯಿ ಕಾರ್ಡಿನ ಎರಡು ಡೋಸ್

ದಡಾರದ ವೈರಸ್ಸನ್ನು ಪ್ರಯೋಗಾಲಯದಲ್ಲಿ ಮೊದಲು ಬೆಳೆಸಿದ್ದು 1954ರಲ್ಲಿ, ಅದೇ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್. ಅದನ್ನು ಬೇರೆ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಸೋಂಕುವ ಚುರುಕು ಇಳಿಸಿ ಲಸಿಕೆ ಮಾಡಿದರು. ಅಮೆರಿಕದಲ್ಲಿ 1963ಕ್ಕೆ ಒಪ್ಪಿಗೆ ಸಿಕ್ಕಿತು. ಭಾರತದ ಲಸಿಕೆ ಪಟ್ಟಿಗೆ 1985ರಲ್ಲಿ ಸೇರಿತು. ಮೈಗೆ ಎರಡು ವಾರದ ಕಾಯಿಲೆ ಕೊಡದೆ ಪಾಠ ಮಾತ್ರ ಕಲಿಸುವುದು ಇದರ ಕೆಲಸ. ಹಳೆಯ ನೆನಪುಗಳನ್ನು ಇದು ಅಳಿಸುವುದಿಲ್ಲ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ದೇಶದಲ್ಲಿ ಶುರುವಾದದ್ದು ಬೆಂಗಳೂರಿನಿಂದ. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಹಾಕಿದರು. ಆಗ ವಾಟ್ಸಾಪ್‌ನಲ್ಲಿ ಓಡಾಡಿದ ಗಾಳಿಸುದ್ದಿಗಳನ್ನು ಕೆಲವರಾದರೂ ನೆನಪಿಟ್ಟಿರಬಹುದು.

ತಾಯಿ ಕಾರ್ಡಿನಲ್ಲಿ ಮೊದಲ ಡೋಸ್ 9ರಿಂದ 12 ತಿಂಗಳಿಗೆ, ಎರಡನೆಯದು 16ರಿಂದ 24 ತಿಂಗಳಿಗೆ ಅಂತ ಇರುತ್ತದೆ. ಹುಟ್ಟಿದ ಕೂಡಲೇ ಯಾಕೆ ಹಾಕಲ್ಲ ಎಂದು ಅಂಗನವಾಡಿಯಲ್ಲಿ ಕೇಳುವವರಿದ್ದಾರೆ. ತಾಯಿ ಕೊಟ್ಟ ಪ್ರತಿಕಾಯ ಮಗುವಿನ ರಕ್ತದಲ್ಲಿ ಇರುವವರೆಗೆ ಅದು ಲಸಿಕೆಯ ವೈರಸ್ಸನ್ನೂ ಹಿಡಿದು ಹಾಕುತ್ತದೆ, ಮಗುವಿನ ಮೈಗೆ ಕಲಿಯಲು ಅವಕಾಶ ಸಿಗಲ್ಲ. ಕಾಯುತ್ತಾ ಕೂತರೆ ತಾಯಿಯ ಬುತ್ತಿ ಮುಗಿದ ಮಗುವಿಗೆ ನಿಜವಾದ ದಡಾರವೇ ಬರಬಹುದು. ಒಂಬತ್ತು ತಿಂಗಳು ಈ ಎರಡರ ಮಧ್ಯದ ರಾಜಿ.

ರಾಜಿ ಆದ್ದರಿಂದ ಎಲ್ಲ ಮಕ್ಕಳಲ್ಲೂ ಹತ್ತುವುದಿಲ್ಲ. ಒಂಬತ್ತು ತಿಂಗಳಿಗೆ ಹಾಕಿದಾಗ 100ರಲ್ಲಿ ಸುಮಾರು 85 ಮಕ್ಕಳ ಮೈ ಪಾಠ ಕಲಿಯುತ್ತದೆ. ಎರಡನೇ ಡೋಸ್ ಮುಖ್ಯವಾಗಿ ಉಳಿದ ಆ 15 ಮಕ್ಕಳಿಗಾಗಿ. ನೆನಪು ಮಾಸಿದೆ ಅಂತ ತಿದ್ದಿ ಬರೆಯುವುದಲ್ಲ ಅದು, ಮೊದಲ ಸಲ ಹತ್ತದವರಿಗೆ ಮತ್ತೊಂದು ಅವಕಾಶ. ಆ 15 ಯಾರು ಅಂತ ಮಗುವಿನ ಮುಖ ನೋಡಿ ಹೇಳಲು ಆಗಲ್ಲ, ಅದಕ್ಕೇ ನೂರಕ್ಕೆ ನೂರು ಮಕ್ಕಳಿಗೂ ಹಾಕುವುದು. ಮೊದಲನೆಯದು ಹಾಕಿಸಿದ್ದೇವಲ್ಲ, ಮಗು ಚೆನ್ನಾಗಿಯೇ ಇದೆ, ಇನ್ನೊಂದು ಯಾಕೆ ಎಂದು ಒಂದೂವರೆ ವರ್ಷಕ್ಕೆ ಕಾರ್ಡ್ ಮಡಿಸಿಟ್ಟರೆ, ಮನೆಯ ಮಗು ಆ 85ರಲ್ಲಿ ಇದೆಯೋ 15ರಲ್ಲಿ ಇದೆಯೋ ಗೊತ್ತಾಗುವುದು ಊರಿಗೆ ದಡಾರ ಬಂದಾಗಲೇ.